ಓಪನ್‌ಎಸ್‌ಎಸ್‌ಎಲ್ ಮುಟ್ಟೋಕ್ ಮುಂಚೆ ಯಾರ ಮಾತು ನಂಬ್ಬೇಕು? ಆಪ್ಟ್, ಎಲ್‌ಡಿಡಿ, ನೀಡ್‌ರಿಸ್ಟಾರ್ಟ್ ಓಡಿಸಿ ನೋಡಿದ್ಮೇಲೆ ಬರೀತಿರೋ ರಿವ್ಯೂ

ಓಪನ್‌ಎಸ್‌ಎಸ್‌ಎಲ್ ಅಂದ್ರೆ ಸರ್ವರ್‌ನಲ್ಲಿ ಎನ್‌ಕ್ರಿಪ್ಷನ್ ಕೆಲಸ ಮಾಡೋ ಲೈಬ್ರರಿ, ಅದನ್ನ ಬದಲಾಯಿಸಿದ್ರೆ ಏನೇನ್ ಒಡೆಯತ್ತೆ ಅಂತ ನೋಡೋ ಟೂಲ್‌ಗಳ ರಿವ್ಯೂ ಇದು. ಪೂರ್ತಿ ಓದೋಕೆ ಪುರುಸೊತ್ತಿಲ್ದೋರ್ಗೆ ಮೊದ್ಲೇ ಸ್ಟಾರ್ ಹೇಳ್ಬಿಡ್ತೀನಿ. ಸಾಫ್ಟ್‌ವೇರ್ ಹಾಕೋ ತೆಗೆಯೋ ಆಪ್ಟ್‌ಗೆ ಐದಕ್ಕೆ ಮೂರು, ಒಂದ್ ಪ್ರೋಗ್ರಾಂಗೆ ಯಾವ್ ಲೈಬ್ರರಿ ಬೇಕು ಅಂತ ತೋರಿಸೋ ಎಲ್‌ಡಿಡಿಗೆ ಮೂರೂವರೆ, ಅಪ್‌ಡೇಟ್ ಆದ್ಮೇಲೆ ಏನೇನ್ ರಿಸ್ಟಾರ್ಟ್ ಮಾಡ್ಬೇಕು ಅಂತ ಹೇಳೋ ನೀಡ್‌ರಿಸ್ಟಾರ್ಟ್‌ಗೆ ನಾಲ್ಕು, ಆಮೇಲೆ ಯಾರೂ ಟೂಲ್ ಅಂತಾನೇ ಲೆಕ್ಕಕ್ಕೆ ತಗೊಳ್ದೇ ಇರೋ ಪ್ರಾಕ್ ಫೋಲ್ಡರ್‌ಗೆ ನಾಲ್ಕೂವರೆ. ಐದಕ್ಕೈದು ಯಾವುದಕ್ಕೂ ಕೊಡಲ್ಲ, ಯಾಕಂದ್ರೆ ನಾಲ್ಕೂ ಸೇರಿ "ಎಲ್ಲಾ ಸರಿ ಇದೆ ಹೋಗು" ಅಂದ್ಮೇಲೂ ಸೋಮವಾರ ಬೆಳಗ್ಗೆ ಹತ್ತೂಕಾಲಿಗೆ ಅಕೌಂಟ್ಸ್ ಮೇಡಂ ಬಂದು ನನ್ ಟೇಬಲ್ ಪಕ್ಕ ನಿಂತ್ಕೊಂಡ್ರು. ಅದು ಆಮೇಲೆ ಹೇಳ್ತೀನಿ.

ನಾನು ಪೀಣ್ಯ ಸೆಕೆಂಡ್ ಸ್ಟೇಜ್‌ನಲ್ಲಿ ಮಷೀನ್ ಪಾರ್ಟ್ಸ್ ಮಾಡೋ ಒಂದ್ ಸಣ್ಣ ಕಂಪ್ನೀಲಿ ಸಿಸ್ಟಮ್ಸ್ ನೋಡ್ಕೋತೀನಿ. ಸಿಸ್ಟಮ್ಸ್ ಅಂದ್ರೆ ಗೊತ್ತಲ್ಲ, ಪ್ರಿಂಟರ್ ಜಾಮ್ ಆದ್ರೂ ನಾನೇ, ಸಿಸಿಟಿವಿ ನಿಂತ್ರೂ ನಾನೇ, ಸರ್ವರ್‌ಗೂ ನಾನೇ. ಸರ್ವರ್ ಅಂದ್ರೂ ದೊಡ್ಡದೇನಲ್ಲ, ಸ್ಟೋರ್ಸ್ ರೂಮ್ ಪಕ್ಕ ಎಸಿ ಇರೋ ಒಂದೇ ಒಂದ್ ಮೂಲೇಲಿ ಒಂದು ಟವರ್, ಅದ್ರಲ್ಲಿ ಉಬುಂಟು 20.04 ಅನ್ನೋ ಲಿನಕ್ಸ್ ಓಎಸ್, ಅದ್ರ ಮೇಲೆ ಸ್ಟಾಕು, ಬಿಲ್ಲಿಂಗು, ಗೇಟ್ ಪಾಸು, ಬ್ಯಾಕಪ್ಪು ಎಲ್ಲಾ. 20.04ಕ್ಕೆ ಫ್ರೀ ಸಪೋರ್ಟ್ 2025ರ ಮೇನಲ್ಲಿ ಮುಗೀತು. ಅದಕ್ಕೆ ವರ್ಷ ಮುಂಚೆನೇ ಬಾಸ್‌ಗೆ ಹೇಳಿದ್ದೆ, ಅವ್ರು "ಓಡ್ತಾ ಇದ್ಯಲ್ರೀ" ಅಂದಿದ್ರು, ನಾನೂ ಸುಮ್ನಾಗಿದ್ದೆ, ಇಬ್ರದ್ದೂ ತಪ್ಪು.

20.04ರಿಂದ 22.04ಕ್ಕೆ ಹೋಗೋದ್ರಲ್ಲಿ ಬೇರೆ ನೂರೆಂಟು ಬದಲಾವಣೆ ಇರ್ಬಹುದು, ಆದ್ರೆ ನಿದ್ದೆ ಕೆಡಿಸೋದು ಒಂದೇ: ಓಪನ್‌ಎಸ್‌ಎಸ್‌ಎಲ್ 1.1.1 ಹೋಗಿ 3.0 ಬರತ್ತೆ. ಗೊತ್ತಿಲ್ದೋರ್ಗೆ ಎರಡು ಮಾತು. ಹಳೇ ವಠಾರದಲ್ಲಿ ಎಂಟು ಮನೆಗೆ ಒಂದೇ ಸಂಪ್ ಇರತ್ತಲ್ಲ, ಹಾಗೇ ಸರ್ವರ್ ಒಳಗಿರೋ ಹತ್ತಾರು ಪ್ರೋಗ್ರಾಂಗಳಿಗೆ ಎನ್‌ಕ್ರಿಪ್ಷನ್ ಕೆಲಸಕ್ಕೆ ಒಂದೇ ಲೈಬ್ರರಿ. ಎಚ್‌ಟಿಟಿಪಿಎಸ್ ಬೇಕಾ ಅಲ್ಲಿಗೆ, ಎಸ್‌ಎಸ್‌ಎಚ್ ಕೀ ನೋಡ್ಬೇಕಾ ಅಲ್ಲಿಗೆ, ಡೇಟಾಬೇಸ್ ಕನೆಕ್ಷನ್‌ಗೆ ಬೀಗ ಹಾಕ್ಬೇಕಾ ಅಲ್ಲಿಗೆ. 1.1.1 ಒಳಗೇನೇ ಸಣ್ಣ ಪ್ಯಾಚ್ ಬಂದ್ರೆ ಸಂಪ್ ಕ್ಲೀನ್ ಮಾಡ್ದಂಗೆ, ಮನೆ ಪೈಪ್‌ಗೆ ಏನೂ ಆಗಲ್ಲ. ಆದ್ರೆ 1.1.1ರಿಂದ 3ಕ್ಕೆ ಹೋದ್ರೆ ಪೈಪ್ ಸೈಜೇ ಬೇರೆ, ಫೈಲ್ ಹೆಸರೇ ಲಿಬ್‌ಎಸ್‌ಎಸ್‌ಎಲ್ ಡಾಟ್ ಎಸ್‌ಓ ಡಾಟ್ 1.1 ಇದ್ದಿದ್ದು ಡಾಟ್ 3 ಆಗತ್ತೆ, ಹಳೇ ಹೆಸರು ಹುಡುಕ್ಕೊಂಡ್ ಬರೋ ಪ್ರೋಗ್ರಾಂ ಬಾಗ್ಲಲ್ಲೇ ಬೀಳತ್ತೆ. ಮಧ್ಯ 2 ಎಲ್ಲೋಯ್ತು ಅಂತ ಕೇಳ್ಬೇಡಿ, ಆ ನಂಬರ್‌ನ ಅವರ ಎಫ್‌ಐಪಿಎಸ್ (ಅಮೆರಿಕ ಸರ್ಕಾರದ ಸೆಕ್ಯುರಿಟಿ ಸ್ಟ್ಯಾಂಡರ್ಡ್) ಮಾಡ್ಯೂಲ್‌ಗೆ ಆಗ್ಲೇ ಬಳಸ್ಬಿಟ್ಟಿದ್ರು ಅಂತ ಹಾರಿಸಿದ್ರು.

ನಾನ್ಯಾಕೆ ಇಷ್ಟ್ ವರ್ಷ ಹಳೇದ್ರಲ್ಲೇ ಇದ್ದೆ ಅನ್ನೋದಕ್ಕೂ ಒಂದು ಕಾರಣ ಇದೆ. 2022ರಲ್ಲಿ ಓಪನ್‌ಎಸ್‌ಎಸ್‌ಎಲ್ ಟೀಮ್‌ನೋರು ಒಂದ್ ವಾರ ಮುಂಚೆನೇ ಅನೌನ್ಸ್ ಮಾಡಿದ್ರು, ಕ್ರಿಟಿಕಲ್ ಫಿಕ್ಸ್ ಬರತ್ತೆ, ನವೆಂಬರ್ 1ಕ್ಕೆ ರೆಡಿ ಇರಿ ಅಂತ. ಅವ್ರಿಗೇನ್ ಗೊತ್ತು ಅವತ್ತು ರಾಜ್ಯೋತ್ಸವ ಅಂತ. ಅವ್ರು ಹೇಳಿದ್ ಟೈಮು ನಮ್ಗೆ ಸಂಜೆ ಆರೂವರೆಯಿಂದ ರಾತ್ರಿ ಹತ್ತೂವರೆ. ನಮ್ ಬೀದೀಲಿ ಬಾವುಟ ಹಾರ್ಸಿ ಆರ್ಕೆಸ್ಟ್ರಾ ಶುರುವಾಗಿತ್ತು, ನಾನು ಮನೇಲಿ ಲ್ಯಾಪ್‌ಟಾಪ್ ತೆಗ್ದಿಟ್ಕೊಂಡು ಕಿವೀಲಿ ಹತ್ತಿ ಇಟ್ಕೊಂಡು ರಿಫ್ರೆಶ್ ಹೊಡೀತಾ ಕೂತಿದ್ದೆ. 3.0.7 ಬಂತು, ನೋಡಿದ್ರೆ ಕ್ರಿಟಿಕಲ್ ಅಂದಿದ್ದನ್ನ ಹೈ ಅಂತ ಇಳಿಸಿದ್ರು, ಅದಕ್ಕಿಂತ ಹೆಚ್ಚಾಗಿ ಆ ತೊಂದ್ರೆ ಇದ್ದಿದ್ದು ಬರೀ 3ನೇ ಸೀರೀಸ್‌ಗೆ, ನಮ್ 1.1.1ಕ್ಕೆ ಏನೂ ಇಲ್ಲ. ಅವತ್ತು ನಾನು ಎದೆ ಉಬ್ಬಿಸ್ಕೊಂಡು ಹಳೇದೇ ವಾಸಿ ಅಂದ್ಕೊಂಡೆ. ಆ ಒಂದ್ ದಿನದ ಜಂಬಕ್ಕೆ ಎರಡೂವರೆ ವರ್ಷ ಅಪ್‌ಗ್ರೇಡ್ ಮುಂದಕ್ಕೆ ತಳ್ದೆ. ಅಷ್ಟರಲ್ಲಿ 2023ರ ಸೆಪ್ಟೆಂಬರ್ 11ಕ್ಕೆ 1.1.1ಗೆ ಅವ್ರ ಕಡೆಯಿಂದ ಸಪೋರ್ಟೇ ನಿಂತೋಯ್ತು, ಆಮೇಲೆ ಉಬುಂಟು ಹಾಕ್ತಿದ್ದ ಪ್ಯಾಚ್‌ನಲ್ಲಿ ದಿನ ತಳ್ಳಿದ್ದು.

ಸರಿ, ರಿವ್ಯೂಗೆ ಬರೋಣ. ಮೊದ್ಲು ಡಿಸ್ಕ್ ಇಮೇಜ್ ತೆಗ್ದು ಲ್ಯಾಪ್‌ಟಾಪ್‌ನಲ್ಲಿ ಒಂದು ವಿಎಂ, ಅಂದ್ರೆ ಸರ್ವರ್‌ನ ತದ್ರೂಪಿ ಕ್ಲೋನ್, ಎಬ್ಬಿಸ್ದೆ. ಇದನ್ನ ಮಾಡ್ದೇ ಲೈವ್ ಮಷೀನ್ ಮೇಲೆ ಟ್ರೈ ಮಾಡೋರ್ಗೆ ದೊಡ್ಡ ನಮಸ್ಕಾರ. ಒಂದೇ ಎಚ್ಚರ, ಕ್ಲೋನ್‌ಗೆ ನೆಟ್ ಕೊಡೋ ಮುಂಚೆ ಕ್ರಾನ್ (ಹೊತ್ತು ಗೊತ್ತು ಮಾಡಿಟ್ಟ ಕೆಲಸ ತಾನಾಗೇ ಓಡಿಸೋದು) ಎಲ್ಲಾ ನಿಲ್ಲಿಸಿ, ನಾನು ಮರ್ತೆ, ಅವತ್ ಸಂಜೆ ಬಾಸ್‌ಗೆ ಅದೇ ಸ್ಟಾಕ್ ರಿಪೋರ್ಟ್ ಎರಡೆರಡು ಸಲ ಹೋಯ್ತು, "ಸ್ಟಾಕ್ ಡಬಲ್ ಆಗಿದ್ಯೇನ್ರೀ" ಅಂತ ಫೋನ್ ಮಾಡಿ ನಕ್ಕರು, ನಂಗೆ ನಗು ಬರ್ಲಿಲ್ಲ.

ಆಪ್ಟ್. ಕ್ಲೋನ್‌ನಲ್ಲಿ ಸೋರ್ಸಸ್ ಲಿಸ್ಟ್ (ಸಾಫ್ಟ್‌ವೇರ್ ಎಲ್ಲಿಂದ ಇಳಿಸ್ಬೇಕು ಅನ್ನೋ ಪಟ್ಟಿ) ಬದಲಾಯಿಸಿ ಆಪ್ಟ್-ಗೆಟ್ ಮೈನಸ್ ಎಸ್ ಡಿಸ್ಟ್-ಅಪ್‌ಗ್ರೇಡ್ ಹೊಡೆದ್ರೆ ಏನನ್ನೂ ಮುಟ್ದೇನೇ ಏನೇನ್ ಮಾಡ್ತೀನಿ ಅಂತ ಸಾಲುಸಾಲಾಗಿ ಹೇಳತ್ತೆ. ಇದು ನಿಜ್ವಾಗ್ಲೂ ಒಳ್ಳೇ ಸೌಕರ್ಯ. ಸಾವಿರಾರು ಸಾಲು ಬರತ್ತೆ, ಓದ್ಬೇಡಿ, ರೆಮ್ವ್ ಅಂತ ಶುರುವಾಗೋ ಸಾಲನ್ನ ಮಾತ್ರ ಗ್ರೆಪ್ ಮಾಡಿ ಹುಡುಕಿ ತೆಗೀರಿ, ಕಿತ್ತಾಕೋದು ಅದನ್ನೇ. ಆಮೇಲೆ ಆಪ್ಟ್ ಆರ್‌ಡಿಪೆಂಡ್ಸ್‌ಗೆ ಲಿಬ್‌ಎಸ್‌ಎಸ್‌ಎಲ್1.1 ಅಂತ ಕೊಟ್ಟು ಜೊತೆಗೆ ಇನ್‌ಸ್ಟಾಲ್ಡ್ ಅನ್ನೋ ಆಪ್ಷನ್ ಹಾಕಿದ್ರೆ ಈ ಸಂಪ್‌ನಿಂದ ನೀರು ಕುಡೀತಿರೋರ ಪಟ್ಟಿ ಬರತ್ತೆ. ಆ ಆಪ್ಷನ್ ಹಾಕ್ದಿದ್ರೆ ಊರಲ್ಲಿರೋ ಪ್ಯಾಕೇಜೆಲ್ಲಾ ಬಂದು ಟರ್ಮಿನಲ್ ತುಂಬೋಗತ್ತೆ, ಮೊದಲ್ನೇ ಸಲ ನಂಗೆ ಹಾಗೇ ಆಯ್ತು. ನನ್ ಪಟ್ಟೀಲಿ ಓಪನ್‌ಎಸ್‌ಎಸ್‌ಎಚ್, ಎಂಜಿನ್‌ಎಕ್ಸ್, ಪೋಸ್ಟ್‌ಗ್ರೆಸ್, ಪೈಥಾನ್, ಕರ್ಲ್, ಪಿಎಚ್‌ಪಿ 7.4 ಇದ್ವು. ಪಿಎಚ್‌ಪಿ ನೋಡಿ ತಲೆ ಕೆರ್ಕೊಂಡೆ, ಯಾಕಂದ್ರೆ ಓಪನ್‌ಎಸ್‌ಎಸ್‌ಎಲ್ 3ನ ಪಿಎಚ್‌ಪಿ ಒಪ್ಕೊಂಡಿದ್ದು 8.1ರಿಂದ, ನಮ್ ಗೇಟ್ ಪಾಸ್ ಆಪ್ 7.4ಕ್ಕೆ ಬರ್ದಿದ್ದು. ಅದನ್ನ ಸರಿ ಮಾಡೋಕೆ ಒಂದ್ ಶನಿವಾರ ಹೋಯ್ತು, ಬಿಡಿ, ಅದು ಇಲ್ಲಿ ಬೇಡ.

ಇಷ್ಟ್ ಚೆನ್ನಾಗಿದ್ರೂ ಮೂರೇ ಸ್ಟಾರ್ ಯಾಕೆ ಅಂದ್ರೆ, ಕ್ಲೋನ್ ಮೇಲೆ ಅಪ್‌ಗ್ರೇಡ್ ಓಡಿಸ್ದೆ, ಎಲ್ಲಾ ಎದ್ದು ನಿಂತ್ವು, ಬಿಲ್ಲಿಂಗ್ ಕೂಡ ಓಡ್ತು, ನಾನು ಹೊರಗೋಗಿ ಬೈಟು ಕಾಫಿ ಕುಡ್ಕೊಂಡ್ ಬಂದೆ. ಬಂದು ನೋಡಿದ್ರೆ ಬೇಡದ ಹಳೇ ಪ್ಯಾಕೇಜ್‌ಗಳನ್ನ ತೆಗೀಬಹುದು, ಆಟೋರಿಮೂವ್ ಓಡ್ಸಿ ಅಂತ ಸಲಹೆ ಕೊಟ್ಟಿತ್ತು. ಓಡ್ಸಿ ವೈ ಒತ್ದೆ. ಬಿಲ್ಲಿಂಗ್ ಬಿತ್ತು! ಏನಾಗಿತ್ತು ಅಂದ್ರೆ, ಅಪ್‌ಗ್ರೇಡ್ ಹೊತ್ನಲ್ಲಿ ಹಳೇ ಲಿಬ್‌ಎಸ್‌ಎಸ್‌ಎಲ್1.1 ಪ್ಯಾಕೇಜ್ ಹೊಸದ್ರ ಪಕ್ಕದಲ್ಲೇ ಉಳ್ಕೊಂಡಿತ್ತು, ಅದ್ರಿಂದಾನೇ ಎಲ್ಲಾ ಓಡ್ತಿತ್ತು, ಆಟೋರಿಮೂವ್ ಬಂದು "ಇದನ್ನ ಯಾರೂ ಕೇಳ್ತಿಲ್ಲ" ಅಂತ ಗುಡಿಸ್ಬಿಡ್ತು. ಆಪ್ಟ್ ಸುಳ್ಳೇನ್ ಹೇಳಿಲ್ಲ, ಅದ್ರ ರಿಜಿಸ್ಟರ್‌ನಲ್ಲಿ ಹೆಸರಿರೋರ್ನ ಮಾತ್ರ ಅದು ಕೇಳತ್ತೆ. ನಮ್ ಬಿಲ್ಲಿಂಗ್ ಕನೆಕ್ಟರ್ ಇರೋದು ಆಪ್ಟ್ ಅನ್ನೋ ಟೂಲ್‌ನಲ್ಲಲ್ಲ, ಸ್ಲ್ಯಾಶ್ ಓಪಿಟಿ ಫೋಲ್ಡರ್‌ನಲ್ಲಿ, 2019ರಲ್ಲಿ ಒಬ್ಬ ವೆಂಡರ್ ಪೆನ್‌ಡ್ರೈವ್‌ನಲ್ಲಿ ತಂದು ಕಾಪಿ ಮಾಡಿ ಹೋಗಿದ್ದು. ಡಿಪಿಕೆಜಿ ಮೈನಸ್ ದೊಡ್ಡ ಎಸ್ ಹಾಕಿ ಇದು ಯಾವ ಪ್ಯಾಕೇಜ್‌ದು ಅಂತ ಕೇಳಿದ್ರೆ ಇಂಥಾ ಪಾತ್ ನಮ್ಮಲ್ಲಿ ಇಲ್ಲವೇ ಇಲ್ಲ ಅಂತು. ವಠಾರದ ಬಾಡಿಗೆ ಪುಸ್ತಕದಲ್ಲಿ ಹೆಸರೇ ಇಲ್ದೇ ಮಹಡಿ ಮೇಲೆ ಆರ್ ವರ್ಷದಿಂದ ಇದ್ದೋರ್ ತರ.

ಹಾಗಾಗಿ ಅಪ್‌ಗ್ರೇಡ್ ಸಿಮ್ಯುಲೇಟ್ ಮಾಡೋದ್ ಮಾತ್ರ ಅಲ್ಲ, ಕ್ಲೋನ್‌ನಲ್ಲಿ ಆಟೋರಿಮೂವ್ ಕೂಡ ಮೈನಸ್ ಎಸ್ ಹಾಕಿ ಓಡ್ಸಿ ನೋಡಿ. ನಂಗೆ ಯಾರೂ ಹೇಳಿರ್ಲಿಲ್ಲ.

ಎಲ್‌ಡಿಡಿ ಬಳಸಿದ್ದು ಇಲ್ಲೇ. ಆ ಕನೆಕ್ಟರ್ ಮೇಲೆ ಲೈವ್ ಮಷೀನ್‌ನಲ್ಲಿ ಓಡಿಸ್ದೆ, ಲಿಬ್‌ಎಸ್‌ಎಸ್‌ಎಲ್ ಡಾಟ್ ಎಸ್‌ಓ ಡಾಟ್ 1.1, ಬಾಣದ ಗುರುತು, ಫೈಲ್ ಇರೋ ಜಾಗ, ಎಲ್ಲಾ ತೋರಿಸ್ತು. ಅದೇ ಕಮ್ಯಾಂಡ್ ಕ್ಲೋನ್‌ನಲ್ಲಿ ಓಡಿಸ್ದೆ, ಅದೇ ಸಾಲು, ಬಾಣದ ಮುಂದೆ ನಾಟ್ ಫೌಂಡ್. ಎರಡು ಸ್ಕ್ರೀನ್ ಪಕ್ಕಪಕ್ಕ ಇಟ್ಕೊಂಡು ಆ ಎರಡು ಪದ ನೋಡಿದಾಗ್ಲೇ ನಂಗೆ ಇಡೀ ವಿಷಯ ಅರ್ಥ ಆಗಿದ್ದು, ಎಷ್ಟ್ ಡಾಕ್ಯುಮೆಂಟೇಷನ್ ಓದಿದ್ರೂ ಹಾಗೆ ತಲೆಗೆ ಹೋಗಿರ್ಲಿಲ್ಲ. ಸ್ಲ್ಯಾಶ್ ಓಪಿಟಿ, ಸ್ಲ್ಯಾಶ್ ಯೂಸರ್ ಲೋಕಲ್ ಎರಡ್ರಲ್ಲೂ ಇರೋ ಬೈನರಿ ಪೂರ್ತಿ ಹೀಗೆ ಜಾಲಾಡ್ಸಿದ್ರೆ ಮುಕ್ಕಾಲು ಪಾಲು ಕೆಲಸ ಮುಗೀತು. ಒಂದು ಎಚ್ಚರಿಕೆ ಮಾತ್ರ: ಎಲ್‌ಡಿಡಿ ಕೆಲವು ಸಲ ಆ ಪ್ರೋಗ್ರಾಂನೇ ಓಡಿಸ್ಬಿಡೋ ಸಾಧ್ಯತೆ ಇದೆ ಅಂತ ಅದ್ರ ಮ್ಯಾನ್ ಪೇಜ್‌ನಲ್ಲೇ ಬರ್ದಿದೆ, ಹಾಗಾಗಿ ಎಲ್ಲಿಂದ ಬಂತು ಗೊತ್ತಿಲ್ದಿರೋ ಫೈಲ್ ಮೇಲೆ ಬಿಡ್ಬೇಡಿ, ಆಬ್ಜ್‌ಡಂಪ್ ಮೈನಸ್ ಪಿ ಹಾಕಿ ನೀಡೆಡ್ ಅನ್ನೋ ಸಾಲು ನೋಡ್ಕೊಳಿ, ಅದು ಬರೀ ಓದತ್ತೆ.

ಎಲ್‌ಡಿಡಿಗೆ ಕಾಣದ್ದೂ ಎರಡಿವೆ. ಒಂದು, ಕೆಲವು ಪ್ರೋಗ್ರಾಂಗಳು ಶುರುವಾಗುವಾಗ ಲೈಬ್ರರಿ ಕೇಳಲ್ಲ, ಓಡ್ತಾ ಓಡ್ತಾ ಬೇಕಾದಾಗ ಡಿಎಲ್‌ಓಪನ್ ಮಾಡಿ ಎಳ್ಕೊಳತ್ವೆ, ಪ್ಲಗಿನ್ ಇರೋದೆಲ್ಲಾ ಹೆಚ್ಚಾಗಿ ಹೀಗೇನೇ. ಇನ್ನೊಂದು, ಕೆಲವರು ಸಂಪ್ ನೀರೇ ಮುಟ್ಟಲ್ಲ, ಮನೇಲೇ ಸ್ವಂತ ಡ್ರಮ್ ಇಟ್ಕೊಂಡಿರ್ತಾರೆ. ನಮ್ ಸ್ಟಾಕ್ ಆಪ್ ಪೈಥಾನ್‌ದು, ಅದ್ರ ಜೊತೆ ಪೋಸ್ಟ್‌ಗ್ರೆಸ್ ಡೇಟಾಬೇಸ್ ಹತ್ರ ಮಾತಾಡೋ ಸೈಕೋಪಿಜಿ2-ಬೈನರಿ ಇದೆ, ಅದು ತನ್ನದೇ ಲಿಬ್‌ಎಸ್‌ಎಸ್‌ಎಲ್ ಕಾಪೀನ ವೀಲ್ (ಪೈಥಾನ್ ಪ್ಯಾಕೇಜ್ ಫೈಲ್) ಒಳಗೇ ತುಂಬ್ಕೊಂಡು ಬರತ್ತೆ. ಜಾವಾಸ್ಕ್ರಿಪ್ಟ್ ಓಡಿಸೋ ನೋಡ್‌ಜೆಎಸ್‌ನ ಅಫಿಷಿಯಲ್ ಬಿಲ್ಡ್ ಕೂಡ ಹಾಗೇ, ಓಪನ್‌ಎಸ್‌ಎಸ್‌ಎಲ್ ಅದ್ರ ಹೊಟ್ಟೆಯೊಳಗೇ ಇರತ್ತೆ, 17ನೇ ವರ್ಷನ್‌ನಲ್ಲಿ 3ಕ್ಕೆ ಹೋದಾಗ ಹಳೇ ವೆಬ್‌ಪ್ಯಾಕ್ ಇಟ್ಕೊಂಡಿದ್ದ ಫ್ರಂಟ್‌ಎಂಡ್ ಹುಡುಗ್ರೆಲ್ಲಾ ಎಂಡಿ4 ಅನ್ನೋ ಹಳೇ ಹ್ಯಾಶ್‌ನ ಎರರ್ ನೋಡಿ ಕಂಗಾಲಾಗಿದ್ದು ನೆನಪಿರ್ಬಹುದು. ಇಂಥವು ಸಿಸ್ಟಮ್ ಅಪ್‌ಗ್ರೇಡ್ ಮಾಡಿದ್ರೆ ಒಡೆಯಲ್ಲ. ಒಡೀಲಿಲ್ಲ ಅಂತ ಖುಷಿ ಪಡ್ಬೇಡಿ, ನೀವ್ ಹಾಕಿದ್ ಪ್ಯಾಚ್ ಕೂಡ ಅದಕ್ಕೆ ಹೋಗಿರಲ್ಲ, ಅದನ್ನ ಪ್ರತ್ಯೇಕ ಅಪ್‌ಡೇಟ್ ಮಾಡ್ಲೇಬೇಕು. ನಾನು ಫೈಂಡ್ ಕಮ್ಯಾಂಡ್‌ನಲ್ಲಿ ಇಡೀ ಡಿಸ್ಕ್‌ನಲ್ಲಿ ಲಿಬ್‌ಎಸ್‌ಎಸ್‌ಎಲ್ ಅನ್ನೋ ಹೆಸರು ಹುಡುಕಿಸ್ದೆ, ಸಿಸ್ಟಮ್ ಫೋಲ್ಡರ್ ಬಿಟ್ಟು ಬೇರೆ ನಾಲ್ಕು ಕಡೆ ಸಿಕ್ತು, ಒಂದಂತೂ ಯಾವ್ದೋ ಬಿಟ್ಟೋಗಿರೋ ಹುಡುಗನ ಹೋಮ್ ಫೋಲ್ಡರ್‌ನಲ್ಲಿ.

ಈಗ ನನ್ ಮೆಚ್ಚಿನ ಪ್ರಾಕ್. ಸ್ಲ್ಯಾಶ್ ಪ್ರಾಕ್ ಕೆಳಗೆ ಪ್ರತಿ ಪ್ರೊಸೆಸ್‌ಗೂ ಮ್ಯಾಪ್ಸ್ ಅಂತ ಒಂದ್ ಫೈಲ್ ಇರತ್ತೆ, ಈ ಕ್ಷಣ ಅದು ಮೆಮೋರೀಲಿ ಏನೇನ್ ಹಿಡ್ಕೊಂಡಿದೆ ಅಂತ ಅದ್ರಲ್ಲಿ ಬರ್ದಿರತ್ತೆ. ರೂಟ್ (ಪೂರ್ತಿ ಅಧಿಕಾರ ಇರೋ ಲಾಗಿನ್) ಆಗಿ ಎಲ್ಲಾ ಮ್ಯಾಪ್ಸ್ ಮೇಲೂ ಗ್ರೆಪ್ ಹೊಡೀರಿ, ಪುಸ್ತಕದಲ್ಲಿ ಹೆಸರಿರ್ಲಿ ಬಿಡ್ಲಿ, ಡಿಎಲ್‌ಓಪನ್ ಮಾಡಿರ್ಲಿ, ಸ್ವಂತ ಡ್ರಮ್ ಇರ್ಲಿ, ನೀರು ಕುಡೀತಿರೋನು ಸಿಕ್ಕಾಕ್ಕೊಳ್ತಾನೆ, ಬೈನರಿ ಒಳಗೇ ಕಲಸಿ ಬಿಲ್ಡ್ ಮಾಡಿರೋರು ಒಬ್ರು ಮಾತ್ರ ತಪ್ಪಿಸ್ಕೊಳ್ತಾರೆ. ಬರೀ ಲಿಬ್‌ಎಸ್‌ಎಸ್‌ಎಲ್ ಹುಡುಕ್ಬೇಡಿ, ಓಪನ್‌ಎಸ್‌ಎಸ್‌ಎಲ್‌ನ ಇನ್ನೊಂದು ಲೈಬ್ರರಿ ಫೈಲ್ ಲಿಬ್‌ಕ್ರಿಪ್ಟೋ ಕೂಡ ಹುಡುಕಿ, ಎಸ್‌ಎಸ್‌ಎಚ್ ಡೀಮನ್ ಬಳಸೋದು ಅದನ್ನ ಮಾತ್ರ, ನಾನು ಮೊದ್ಲು ಅದನ್ನ ಬಿಟ್ಟು ಎಸ್‌ಎಸ್‌ಎಚ್‌ಗೆ ಸಂಬಂಧಾನೇ ಇಲ್ಲ ಅಂದ್ಕೊಂಡಿದ್ದೆ. ಅರ್ಧ ಸ್ಟಾರ್ ಕಡಿಮೆ ಕೊಟ್ಟಿದ್ದು ಯಾಕಂದ್ರೆ ಇದು ಆ ಕ್ಷಣ ಓಡ್ತಿರೋರ್ನ ಮಾತ್ರ ತೋರಿಸತ್ತೆ. ಬೆಳಗ್ಗೆ ಹನ್ನೊಂದಕ್ಕೆ ನೋಡಿದ್ರೆ ರಾತ್ರಿ ಎರಡಕ್ಕೆ ಎದ್ದು ಬ್ಯಾಕಪ್ ಮಾಡಿ ಮಲಗೋನು ಕಾಣಲ್ಲ. ಅದಕ್ಕೆ ನಾನು ಒಂದು ವಾರ ಹತ್ತತ್ ನಿಮಿಷಕ್ಕೊಂದ್ಸಲ ಕ್ರಾನ್‌ನಲ್ಲಿ ಓಡಿಸಿ ಒಂದ್ ಫೈಲ್‌ಗೆ ಬರೆಸ್ದೆ. ಶುಕ್ರವಾರ ರಾತ್ರಿ ಒಂದು ಹೊಸ ಹೆಸರು ಸಿಕ್ತು, ತಿಂಗಳ ಕೊನೇ ಶುಕ್ರವಾರ ಮಾತ್ರ ಓಡೋ ಸ್ಕ್ರಿಪ್ಟ್, ನಾನೇ ಬರ್ದು ನಾನೇ ಮರ್ತಿದ್ದು.

ನೀಡ್‌ರಿಸ್ಟಾರ್ಟ್ ಮುಂಚಿನ ಚೆಕ್ ಅಲ್ಲ, ಆಮೇಲಿಂದು. ಉಬುಂಟು ಸರ್ವರ್ 22.04ರಲ್ಲಿ ಜೊತೇಲೇ ಬರತ್ತೆ, ಅಪ್‌ಡೇಟ್ ಮಧ್ಯ ಯಾವ್ ಸರ್ವಿಸ್ ರಿಸ್ಟಾರ್ಟ್ ಮಾಡ್ಲಿ ಅಂತ ನೇರಳೆ ಬಣ್ಣದ ಸ್ಕ್ರೀನ್ ಒಂದು ಧುತ್ ಅಂತ ಬರತ್ತಲ್ಲ, ಅದೇ. ತುಂಬಾ ಜನ ಅದನ್ನ ಬೈತಾರೆ, ಎಂಟರ್ ಒತ್ತಿ ಮುಂದೆ ಹೋಗ್ತಾರೆ. ಬೈಬೇಡಿ ಗುರು. ಡಿಸ್ಕ್‌ನಲ್ಲಿ ಲೈಬ್ರರಿ ಬದಲಾದ್ರೂ ಆಗ್ಲೇ ಓಡ್ತಿರೋ ಪ್ರೊಸೆಸ್ ಹಳೇ ಕಾಪೀನೇ ಮೆಮೋರೀಲಿ ಹಿಡ್ಕೊಂಡಿರತ್ತೆ. 2014ರ ಏಪ್ರಿಲ್‌ನಲ್ಲಿ ಓಪನ್‌ಎಸ್‌ಎಸ್‌ಎಲ್‌ನ ಹಾರ್ಟ್‌ಬ್ಲೀಡ್ ತೂತು ಬಯಲಾದಾಗ ಅದನ್ನ ಮುಚ್ಚೋ 1.0.1ಜಿ ಹಾಕಿ ಕೈ ತೊಳ್ಕೊಂಡು ವೆಬ್ ಸರ್ವರ್ ರಿಸ್ಟಾರ್ಟ್ ಮಾಡ್ದೇ ಬಿಟ್ಟಿದ್ರೆ ಆ ಪ್ಯಾಚ್ ಹಾಕಿದ್ದಕ್ಕೂ ಬಿಟ್ಟಿದ್ದಕ್ಕೂ ಏನೂ ವ್ಯತ್ಯಾಸ ಇರ್ತಿರ್ಲಿಲ್ಲ. ನೀಡ್‌ರಿಸ್ಟಾರ್ಟ್ ಮೈನಸ್ ಆರ್ ಎಲ್ ಅಂತ ಕೊಟ್ರೆ ಏನೂ ರಿಸ್ಟಾರ್ಟ್ ಮಾಡ್ದೇ ಬರೀ ಪಟ್ಟಿ ಕೊಡತ್ತೆ, ನಾನು ಅದನ್ನೇ ಬಳಸೋದು, ಯಾಕಂದ್ರೆ ಮಧ್ಯಾಹ್ನ ಡಿಸ್‌ಪ್ಯಾಚ್ ಹೊತ್ನಲ್ಲಿ ಪೋಸ್ಟ್‌ಗ್ರೆಸ್ ತಾನಾಗೇ ರಿಸ್ಟಾರ್ಟ್ ಆದ್ರೆ ಗೇಟ್‌ನಲ್ಲಿ ಲಾರಿ ನಿಂತ್ಕೊಳತ್ತೆ. ಒಂದ್ ಸ್ಟಾರ್ ಕಿತ್ಕೊಂಡಿದ್ದು ಬೇರೆ ಕಾರಣಕ್ಕೆ, 2024ರ ನವೆಂಬರ್‌ನಲ್ಲಿ ಕ್ವಾಲಿಸ್ ಅನ್ನೋ ಸೆಕ್ಯುರಿಟಿ ಕಂಪ್ನಿಯೋರು ಇದ್ರೊಳಗೇ ತೂತು ಹುಡುಕಿದ್ರು, ಮಷೀನ್‌ನಲ್ಲಿ ಸಾಮಾನ್ಯ ಲಾಗಿನ್ ಇದ್ದೋನು ಇದ್ರ ಮೂಲಕ ರೂಟ್ ಆಗ್ಬಹುದಿತ್ತು, ಅದೂ 2014ರಿಂದ ಹಾಗೇ ಇದ್ದಿದ್ದು. 3.8ರಲ್ಲಿ ಸರಿ ಮಾಡಿದ್ರು, ಉಬುಂಟುನೋರು ತಮ್ಮ ಹಳೇ ವರ್ಷನ್‌ಗೂ ಪ್ಯಾಚ್ ಕೊಟ್ರು. ಕಾವಲುಗಾರನ ಜೇಬೂ ಆಗಾಗ ನೋಡ್ತಿರ್ಬೇಕು.

ಇನ್ನು ಸೋಮವಾರದ ಕಥೆ. ಭಾನುವಾರ ರಾತ್ರಿ ಲೈವ್ ಮಷೀನ್ ಅಪ್‌ಗ್ರೇಡ್ ಮುಗಿಸಿ, ಪಟ್ಟೀಲಿ ಇದ್ದಿದ್ದಕ್ಕೆಲ್ಲಾ ಟಿಕ್ ಹಾಕಿ, ನಾಟ್ ಫೌಂಡ್ ಎಲ್ಲೂ ಇಲ್ಲ ಅಂತ ನೋಡ್ಕೊಂಡು ನಾಗಸಂದ್ರ ಮೆಟ್ರೋ ಹಿಡ್ದು ಮನೆಗ್ ಹೋಗಿದ್ದೆ. ಬೆಳಗ್ಗೆ ಮೇಡಂ "ಇನ್‌ವಾಯ್ಸ್ ಅಪ್‌ಲೋಡ್ ಆಗ್ತಿಲ್ಲ ಕಣಪ್ಪ, ನೀನ್ ನಿನ್ನೆ ಏನ್ ಮಾಡ್ದೆ?" ಅಂದ್ರು. ಒಬ್ಬ ದೊಡ್ಡ ಕಸ್ಟಮರ್ ಪೋರ್ಟಲ್ ಒಳಗೆ ಹೋಗೋಕೆ ಅವ್ರೇ ಕೊಟ್ಟಿರೋ ಒಂದು ಪಿಎಫ್‌ಎಕ್ಸ್ ಸರ್ಟಿಫಿಕೇಟ್ ಫೈಲ್ ಇದೆ, ನಮ್ ಸ್ಕ್ರಿಪ್ಟ್ ಅದನ್ನ ಬಿಚ್ಚಿ ಬಳಸತ್ತೆ. ಲಾಗ್ ತೆಗ್ದು ನೋಡಿದ್ರೆ ಅನ್‌ಸಪೋರ್ಟೆಡ್, ಆರ್‌ಸಿ2-40-ಸಿಬಿಸಿ ಅಂತಿದೆ. ಪಾಸ್‌ವರ್ಡ್ ಸರಿ ಇದೆ, ಫೈಲ್ ಸರಿ ಇದೆ, ಲೈಬ್ರರಿ ಸಿಕ್ಕಿದೆ, ಆದ್ರೂ ಬಿಚ್ಚಲ್ಲ ಅಂತಿದೆ. ಹಳೇ ಪಿಎಫ್‌ಎಕ್ಸ್‌ಗಳನ್ನ ಆರ್‌ಸಿ2 ಅನ್ನೋ ಓಬೀರಾಯನ ಕಾಲದ ಸೈಫರ್‌ನಲ್ಲಿ, ಅದೂ 40 ಬಿಟ್ ಕೀ ಹಾಕಿ ಮುಚ್ಚಿರ್ತಾರೆ. ಓಪನ್‌ಎಸ್‌ಎಸ್‌ಎಲ್ 3ರಲ್ಲಿ ಇಂಥಾ ಹಳೇ ಸಾಮಾನನ್ನೆಲ್ಲಾ ಲೆಗಸಿ ಪ್ರೊವೈಡರ್ ಅಂತ ಬೇರೆ ಅಟ್ಟದ ಮೇಲೆ ಇಟ್ಟಿದಾರೆ, ನೀವಾಗಿ ಕೇಳಿದ್ರೆ ಮಾತ್ರ ಇಳ್ಸತ್ತೆ. ಇದನ್ನ ಆಪ್ಟ್‌ಗಾಗ್ಲಿ ಎಲ್‌ಡಿಡಿಗಾಗ್ಲಿ ಹಿಡ್ಯೋಕೆ ಹೇಗಾಗತ್ತೆ ಹೇಳಿ, ಪೈಪ್ ಕೂತಿದ್ಯಾ ಅಂತ ಅವು ನೋಡತ್ವೆ, ನೀರಿನ ರುಚಿ ನೋಡಲ್ಲ.

ಸರಿ ಮಾಡಿದ್ದು ಹೀಗೆ: ಓಪನ್‌ಎಸ್‌ಎಸ್‌ಎಲ್ ಪಿಕೆಸಿಎಸ್12 ಕಮ್ಯಾಂಡ್‌ಗೆ ಮೈನಸ್ ಲೆಗಸಿ ಹಾಕಿ ಹಳೇ ಫೈಲ್ ಬಿಚ್ಚಿಸ್ದೆ, ಒಳಗಿದ್ದಿದ್ದನ್ನ ಮೈನಸ್ ಎಕ್ಸ್‌ಪೋರ್ಟ್ ಹಾಕಿ ಹೊಸ ಪಿಎಫ್‌ಎಕ್ಸ್ ಮಾಡ್ದೆ, ಅದು ಈಗ ತಾನಾಗೇ ಎಇಎಸ್-256ನಲ್ಲಿ ಮುಚ್ಚತ್ತೆ. ಮಧ್ಯದಲ್ಲಿ ಬರೋ ಪೆಮ್ ಫೈಲ್‌ನಲ್ಲಿ ಪ್ರೈವೇಟ್ ಕೀ ಬೆತ್ತಲೆ ಕೂತಿರತ್ತೆ, ಅದನ್ನ ಶ್ರೆಡ್ ಮಾಡೋದು ಮರೀಬೇಡಿ. ಆಮೇಲೆ ಹೊಸ ಫೈಲನ್ನ ಹಳೇ ವಿಂಡೋಸ್ ಮಷೀನ್ ಬಿಚ್ಚಲ್ಲ, ಮೇಡಂ ಪಕ್ಕದ ಟೇಬಲ್‌ನಲ್ಲಿರೋದು ಅದೇ, ಹಾಗಾಗಿ ಎರಡೂ ಕಾಪಿ ಇಟ್ಟಿದೀನಿ. ಹನ್ನೆರಡೂವರೆಗೆ ಅಪ್‌ಲೋಡ್ ಶುರುವಾಯ್ತು. ಮೇಡಂ ಡಬ್ಬಿಯಿಂದ ಒಂದ್ ಕೋಡ್ಬಳೆ ಕೊಟ್ರು, ಅದನ್ನ ಕ್ಷಮೆ ಅಂತ ತಗೊಂಡೆ.

ಆ ಬಿಲ್ಲಿಂಗ್ ಕನೆಕ್ಟರ್‌ಗೆ ಏನ್ ಮಾಡ್ದೆ ಅಂತ ಕೇಳ್ತೀರ. ವೆಂಡರ್ ನಂಬರ್ ಚಾಲ್ತಿಯಲ್ಲಿಲ್ಲ. ಗೊತ್ತಿರೋ ಹುಡುಗ್ರೆಲ್ಲಾ ಹೇಳಿದ್ದು ಒಂದೇ, ಹಳೇ ಲಿಬ್‌ಎಸ್‌ಎಸ್‌ಎಲ್1.1 ಡೆಬ್ ಫೈಲ್ ಇಳಿಸಿ 22.04ರಲ್ಲೇ ಹಾಕ್ಬಿಡು ಮಗಾ ಅಂತ. ಹಾಕಿದ್ರೆ ಓಡತ್ತೆ, ಸುಳ್ಳಲ್ಲ. ಆದ್ರೆ ಆ ಫೈಲ್‌ಗೆ 22.04ರ ಕಡೆಯಿಂದ ಯಾವ ಪ್ಯಾಚೂ ಬರಲ್ಲ, ಇನ್ನೊಬ್ಬ ಬಂದು ಬೇರೆ ಏನೋ ಹಳೇದನ್ನ ಹಾಕಿ ಅದಕ್ಕೆ ಗಂಟು ಹಾಕ್ತಾನೆ, ನಾಲ್ಕ್ ವರ್ಷಕ್ಕೆ ಯಾರೂ ಮುಟ್ಟೋ ಹಾಗಿರಲ್ಲ. ನಾನು 20.04ರದ್ದೇ ಒಂದು ಕಂಟೇನರ್ (ಸಿಸ್ಟಮ್ ಒಳಗೇ ಬೇರೆ ಕೋಣೆ ಇದ್ದಂಗೆ) ಮಾಡಿ ಅದ್ರೊಳಗೆ ಅದೊಂದನ್ನೇ ಕೂರಿಸಿ, ಹೊರಗಿನ ನೆಟ್ ಕಟ್ ಮಾಡಿ, ಬಿಲ್ಲಿಂಗ್ ಪೋರ್ಟ್ ಒಂದನ್ನ ಮಾತ್ರ ಬಿಟ್ಟಿದೀನಿ. ಒಳಗಿರೋ ಲೈಬ್ರರಿ ಹಳೇದೇ, ಕೋಣೆಗೆ ಬೀಗ ಹಾಕಿದೀನಿ ಅಷ್ಟೇ, ಇದು ಪರಿಹಾರ ಅಂತ ನಾನು ಯಾರ ಮುಂದೇನೂ ಹೇಳ್ಕೊಳಲ್ಲ.

ಖರ್ಚು ಕೇಳಿದ್ರೆ, ಟೂಲ್‌ಗಳೆಲ್ಲಾ ಫ್ರೀ, ಹೋಗಿದ್ದು ನನ್ ಎರಡು ಭಾನುವಾರ ಒಂದು ಶನಿವಾರ. ಬಾಸ್ ಬಂದು ಸ್ಕ್ರೀನ್ ನೋಡಿ "ಇನ್ನೆಷ್ಟ್ ವರ್ಷ ತಂಟೆ ಇಲ್ಲ?" ಅಂದ್ರು. 22.04ಕ್ಕೆ 2027ರ ತನಕ ಪ್ಯಾಚ್ ಬರತ್ತೆ ಸಾರ್ ಅಂದೆ. ಬೆರಳ್ ಮಡಿಸಿ ಎಣಿಸಿದ್ರು, ಎರಡ್ನೇ ಬೆರಳಿಗೇ ನಿಲ್ಲಿಸಿ, "ಓಡ್ತಾ ಇದ್ಯಲ್ರೀ" ಅಂತ ಹೇಳಿ ಸ್ಟೋರ್ಸ್ ಕಡೆ ಹೋದ್ರು.